ಮರುಭೂಮಿಯ ಗಣಿಯೂ ನಮ್ಮ ಬಾವಿಯೂ

ಕನ್ನಡ ಪಂಡಿತನಾದವನಿಗೆ ಗಣಿಯ ಗೊಡವೆ ಏತಕ್ಕೆಂದು ಈ ಸಂಚಿಕೆಯ ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಸಂಧಿ ಸಮಾಸಗಳನ್ನೂ ಛಂದಸ್ಸನ್ನೂ ಹಳಗನ್ನಡ ಕಾವ್ಯವನ್ನೂ ಪಾಠ ಹೇಳುತ್ತ ಮೂರು ದಶಕಗಳನ್ನು ಕಳೆದ ನನಗೆ ಭೂಗರ್ಭಶಾಸ್ತ್ರದಲ್ಲಿ ಯಾವ ಅಧಿಕಾರವೂ ಇಲ್ಲ. ಆದರೆ ವಿದ್ಯೆಗೆ ಬಾಗಿಲು ಒಂದೇ ಅಲ್ಲ. ಕೆಲವೊಮ್ಮೆ ಒಂದು ಶಬ್ದದ ವ್ಯುತ್ಪತ್ತಿಯನ್ನು ಹುಡುಕಹೊರಟವನು ಒಂದು ಬೆಟ್ಟದ ಬುಡಕ್ಕೆ ಬಂದು ನಿಲ್ಲುತ್ತಾನೆ. ಆ ಬೆಟ್ಟವನ್ನು ಸುತ್ತಿ ಬರುವಷ್ಟರಲ್ಲಿ ತನ್ನ ಊರಿನ ಬಾವಿಯೇ ಹೊಸದಾಗಿ ಕಾಣತೊಡಗುತ್ತದೆ. ನನಗಾದದ್ದು ಹಾಗೆ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಭೂವಿಜ್ಞಾನವನ್ನು ಓದಿ ಅಮೆರಿಕದ ಪಶ್ಚಿಮ ಪ್ರಾಂತದಲ್ಲಿ ಉದ್ಯೋಗದಲ್ಲಿದ್ದಾರೆ. ವಿಜ್ಞಾನ ವಿಭಾಗದ ಮಾದರಿಗಳ ಕಪಾಟಿಗೆಂದು ಅವರು ಎರಡು ಕಲ್ಲುಗಳನ್ನು ಕಳಿಸಿಕೊಟ್ಟರು. ಒಂದು ನೇರಳೆ ಬಣ್ಣದ, ದಾಳದಂತೆ ಚೌಕವಾದ, ಬೆಳಕಿಗೆ ಹಿಡಿದರೆ ಒಳಗೆ ದೀಪ ಹಚ್ಚಿದಂತೆ ತೋರುವ ಹರಳು. ಇನ್ನೊಂದು ಸುಣ್ಣವನ್ನೂ ಮಣ್ಣನ್ನೂ ಕಲಸಿ ಒಣಗಿಸಿದಂತಿದ್ದ, ಅಲ್ಲಲ್ಲಿ ಮಾಸಲು ನೇರಳೆಯ ಛಾಯೆಯುಳ್ಳ, ಬೆರಳಿನಿಂದ ಉಜ್ಜಿದರೆ ಪುಡಿಯಾಗುವ ಹೆಂಟೆ. ಎರಡೂ ಒಂದೇ ಖನಿಜ, ಅದರ ಹೆಸರು ಫ್ಲೋರೈಟ್ ಎಂದು ಅವರು ಬರೆದಿದ್ದರು. ಹರಳು ಅಂಗಡಿಯಲ್ಲಿ ಕೊಂಡದ್ದು, ಹೆಂಟೆ ಯೂಟಾ ರಾಜ್ಯದ ಮರುಭೂಮಿಯ ಒಂದು ಸಣ್ಣ ಗಣಿಯ ಸೀಮೆಯದು. ಮಕ್ಕಳೆಲ್ಲ ಹರಳಿನ ಸುತ್ತ ನೆರೆದರು. ಹೆಂಟೆಯನ್ನು ಕೇಳುವವರಿರಲಿಲ್ಲ. ವಿಜ್ಞಾನದ ಅಧ್ಯಾಪಕರು, "ಪಂಡಿತರೇ, ಇವಕ್ಕೆ ಕನ್ನಡದಲ್ಲಿ ಒಂದು ವಿವರಣೆಯ ಚೀಟಿ ಬರೆದುಕೊಡಿರಿ" ಎಂದರು. ನಾಲ್ಕು ಸಾಲಿನ ಚೀಟಿಗಾಗಿ ನಾನು ನಾಲ್ಕು ತಿಂಗಳು ಓದಬೇಕಾಯಿತು.

ಮೊದಲು ಶಬ್ದದ ವಿಚಾರ. ಲ್ಯಾಟಿನ್ ಭಾಷೆಯಲ್ಲಿ 'ಫ್ಲುಎರೆ' ಎಂದರೆ ಹರಿಯುವುದು. ಜರ್ಮನಿಯ ಪಂಡಿತ ಜಾರ್ಜಿಯಸ್ ಅಗ್ರಿಕೋಲ ಎಂಬವನು 1530ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಅದುರನ್ನು ಕರಗಿಸುವಾಗ ಕುಲುಮೆಗೆ ಹಾಕಿದರೆ ಎಲ್ಲವನ್ನೂ ಸುಲಭವಾಗಿ ಹರಿಯುವಂತೆ ಮಾಡುವ ಕಲ್ಲುಗಳನ್ನು ಈ ಧಾತುವಿನಿಂದಲೇ ಹೆಸರಿಸಿದನು. ಬಹುತೇಕ ಕಲ್ಲುಗಳಿಗೆ ಬಣ್ಣದಿಂದಲೋ ಊರಿನಿಂದಲೋ ಕಂಡುಹಿಡಿದವನಿಂದಲೋ ಹೆಸರು ಬರುತ್ತದೆ. ಇದಕ್ಕೆ ಮಾತ್ರ ತಾನು ಇತರರಿಗೆ ಮಾಡುವ ಉಪಕಾರದಿಂದ ಹೆಸರು ಬಂದಿದೆ. ನಾನು ಉತ್ಸಾಹದಿಂದ 'ಹರಿಗಲ್ಲು' ಎಂದು ಅನುವಾದಿಸಿದೆ. ವಿಜ್ಞಾನದ ಅಧ್ಯಾಪಕರು ನಕ್ಕು, "ಮಕ್ಕಳು ಇದನ್ನು ವಿಷ್ಣುವಿನ ಕಲ್ಲೆಂದು ತಿಳಿದಾರು" ಎಂದರು. 'ದ್ರಾವಕಶಿಲೆ' ಎನ್ನೋಣವೆಂದರೆ ದ್ರಾವಕ ಶಬ್ದವು ರಸಾಯನಶಾಸ್ತ್ರದಲ್ಲಿ ಬೇರೆ ಅರ್ಥಕ್ಕೆ ರೂಢವಾಗಿದೆ. ಕೊನೆಗೆ ಫ್ಲೋರೈಟ್ ಎಂದೇ ಬರೆದು, ಅದರ ಅರ್ಥವನ್ನು ಕೆಳಗೆ ವಿವರಿಸಿದ್ದಾಯಿತು. ವ್ಯಾಪಾರದಲ್ಲಿ ಇದನ್ನೇ ಫ್ಲೋರ್‌ಸ್ಪಾರ್ ಎನ್ನುತ್ತಾರೆ. ಸುಣ್ಣದ ಸಾರವಾದ ಕ್ಯಾಲ್ಸಿಯಮ್ಮೂ ಫ್ಲೋರಿನ್ ಎಂಬ ಅನಿಲವೂ ಹೆಚ್ಚುಕಡಿಮೆ ಅರ್ಧರ್ಧ ತೂಕದಲ್ಲಿ ಸೇರಿ ಆದ ಖನಿಜವಿದು.

ಈ ಫ್ಲೋರಿನ್ನಿನ ಸ್ವಭಾವವನ್ನು ಇಲ್ಲಿಯೇ ಹೇಳಬೇಕು. ಮೂಲಧಾತುಗಳಲ್ಲಿ ಇದರಷ್ಟು ಉಗ್ರವಾದುದು ಇನ್ನೊಂದಿಲ್ಲ. ಒಂಟಿಯಾಗಿ ಇರಲಾರದು; ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಇದನ್ನು ಬೇರ್ಪಡಿಸಹೊರಟ ರಸಾಯನಜ್ಞರಲ್ಲಿ ಹಲವರು ವಿಷಕ್ಕೆ ಸಿಕ್ಕಿ ನರಳಿದರು, ಕೆಲವರು ಪ್ರಾಣವನ್ನೇ ತೆತ್ತರು. ಫ್ರಾನ್ಸ್ ದೇಶದ ಆನ್ರಿ ಮೊಯ್ಸಾನ್ 1886ರಲ್ಲಿ ಇದನ್ನು ಪ್ರತ್ಯೇಕಿಸಿದನು. ಅವನಿಗೆ 1906ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಫ್ಲೋರಿನ್ ಬಹಳವಾಗಿ ಬಯಸುವ ಸಂಗಾತಿಗಳಲ್ಲಿ ಕ್ಯಾಲ್ಸಿಯಂ ಒಂದು. ಎರಡೂ ಸೇರಿದರೆ ಉಗ್ರತೆ ಅಡಗುತ್ತದೆ, ನೀರಿನಲ್ಲಿಯೂ ಸುಲಭವಾಗಿ ಕರಗದ ಕಲ್ಲಾಗುತ್ತದೆ. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದಿನ ಕಥೆಯೆಲ್ಲ ಇದರ ವಿಸ್ತಾರವೇ.

ಯೂಟಾದ ಪಶ್ಚಿಮಾರ್ಧವು ಮಹಾದ್ರೋಣಿ ಎನ್ನಬಹುದಾದ ವಿಶಾಲ ಪ್ರದೇಶದ ಭಾಗ. ಇಲ್ಲಿಯ ಹೊಳೆಗಳು ಸಮುದ್ರವನ್ನು ಕಾಣುವುದಿಲ್ಲ. ಉಪ್ಪಿನ ಬಯಲಿನಲ್ಲಿ ಇಂಗಿಯೋ ಆರಿಯೋ ಹೋಗುತ್ತವೆ. ಹಿಮಯುಗದಲ್ಲಿ ಬಾನ್‌ವಿಲ್ ಎಂಬ ಮಹಾಸರೋವರವು ಈ ತಗ್ಗುಗಳನ್ನೆಲ್ಲ ತುಂಬಿ ನಿಂತಿದ್ದಿತು. ಅದರ ಉಳಿಕೆಯೇ ಇಂದಿನ ದೊಡ್ಡ ಉಪ್ಪಿನ ಸರೋವರ. ಈಗ ವರ್ಷಕ್ಕೆ ಹತ್ತು ಅಂಗುಲ ಮಳೆಯೂ ಬೀಳದ ಬಯಲು, ಕುರುಚಲು ಗಿಡ, ನಡುನಡುವೆ ಉತ್ತರ ದಕ್ಷಿಣವಾಗಿ ಮಲಗಿದ ಬೋಳು ಬೆಟ್ಟದ ಸಾಲುಗಳು. ಜುಆಬ್ ಜಿಲ್ಲೆಯ ಅಂಥ ಸಾಲೊಂದಕ್ಕೆ ಥಾಮಸ್ ಶ್ರೇಣಿ ಎಂದು ಹೆಸರು. ಅದರ ಪಶ್ಚಿಮದ ಅಂಚಿಗೆ ಸ್ಪೋರ್ ಬೆಟ್ಟ. ರೈಲುದಾರಿಯಿರುವ ಡೆಲ್ಟ ಎಂಬ ಪಟ್ಟಣದಿಂದ ವಾಯವ್ಯಕ್ಕೆ ಸುಮಾರು 75 ಕಿಲೋಮೀಟರು. ಈ ಬೆಟ್ಟದಲ್ಲಿಯೇ, 1948ರಲ್ಲಿ ಪತ್ತೆಯಾದ 'ಲಾಸ್ಟ್ ಶೀಪ್', ಅಂದರೆ 'ಕಳೆದ ಕುರಿ', ಎಂಬ ಫ್ಲೋರ್‌ಸ್ಪಾರ್ ಗಣಿಯಿದೆ. ಹೆಸರನ್ನು ಕೇಳಿದೊಡನೆ, ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಸಿಕೊಂಡ ಒಂದನ್ನು ಅರಸಿಹೋದ ಕುರುಬನ ಕ್ರೈಸ್ತ ದೃಷ್ಟಾಂತಕಥೆ ನೆನಪಾಗುತ್ತದೆ. ಮುಂದೆ ಆ ಪ್ರದೇಶವನ್ನು ಅಭ್ಯಾಸ ಮಾಡಿದ ಸ್ಟಾಟ್ಸ್ ಮತ್ತು ಆಸ್ಟರ್‌ವಾಲ್ಡ್ ಎಂಬ ಸರ್ಕಾರಿ ಭೂವಿಜ್ಞಾನಿಗಳು 1959ರ ತಮ್ಮ ವರದಿಯಲ್ಲಿ ಅಲ್ಲಿಯ ಒಂದು ಶಿಲಾಸ್ತರಕ್ಕೂ ಗಣಿಯ ಹೆಸರನ್ನೇ ಇಟ್ಟರು. ಕೋಟ್ಯಂತರ ವರ್ಷದ ಶಿಲೆಗೆ ನಿನ್ನೆ ಮೊನ್ನೆಯ ಗಣಿಯಿಂದ ನಾಮಕರಣವಾದುದು ಕಾಲದ ಒಂದು ವಿನೋದ.

ಆ ಶಿಲೆ ಡೋಲೊಮೈಟ್, ಎಂದರೆ ಕ್ಯಾಲ್ಸಿಯಮ್ಮಿನ ಜೊತೆಗೆ ಮೆಗ್ನೀಸಿಯಮ್ಮೂ ಸೇರಿದ ಒಂದು ಬಗೆಯ ಸುಣ್ಣಕಲ್ಲು. ಸೈಲೂರಿಯನ್ ಎಂದು ಕರೆಯುವ ಯುಗದಲ್ಲಿ, ಅಂದರೆ ಇಂದಿಗೆ ನಲವತ್ತೆರಡು ಕೋಟಿ ವರ್ಷಗಳಿಗೂ ಹಿಂದೆ, ಅಲ್ಲಿ ಬೆಚ್ಚಗಿನ ಆಳವಿಲ್ಲದ ಕಡಲು ಇದ್ದಿತು. ಅದರ ತಳದಲ್ಲಿ ಪದರಪದರವಾಗಿ ಕುಳಿತ ಕೆಸರೇ ಈ ಕಲ್ಲು. ಕಡಲು ಹೋಯಿತು; ನೆಲ ಬಿರಿಯಿತು, ಓರೆಯಾಯಿತು, ನೂರಾರು ಸೀಳುಗಳು ಮೂಡಿದವು. ಸುಮಾರು ಎರಡು ಕೋಟಿ ಹತ್ತು ಲಕ್ಷ ವರ್ಷಗಳ ಹಿಂದೆ ಅಲ್ಲಿ ಜ್ವಾಲಾಮುಖಿಗಳು ಎದ್ದವು. ಆ ಶಿಲಾರಸದಲ್ಲಿ ಸಾಮಾನ್ಯಕ್ಕಿಂತ ಬಹಳ ಹೆಚ್ಚು ಫ್ಲೋರಿನ್ ಇದ್ದಿತು. ಕಾದ ನೀರೂ ಆವಿಯೂ ಆ ಫ್ಲೋರಿನ್ನನ್ನು ಹೊತ್ತು ಸೀಳುಗಳಲ್ಲಿ ಮೇಲೇರಿದವು. ದಾರಿಯಲ್ಲಿ ಡೋಲೊಮೈಟ್ ಎದುರಾಯಿತು. ಅಷ್ಟೇ ಸಾಕು. ಫ್ಲೋರಿನ್ ಅದರೊಳಗಿನ ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡಿತು. ಮೆಗ್ನೀಸಿಯಂ ನೀರಿನೊಡನೆ ಹೊರಟುಹೋಯಿತು. ಸುಣ್ಣಕಲ್ಲು ಇದ್ದಲ್ಲಿಯೇ ಫ್ಲೋರೈಟ್ ಆಯಿತು. ಸೀಳುಗಳು ಸಂಧಿಸಿ ಕಲ್ಲು ನುಚ್ಚಾದ ಎಡೆಗಳಲ್ಲಿ ಈ ಪರಿವರ್ತನೆ ಹೆಚ್ಚಾಗಿ ನಡೆದು, ನೆಲದೊಳಕ್ಕೆ ಇಳಿಯುವ ಕೊಳವೆಯಾಕಾರದ ನಿಕ್ಷೇಪಗಳಾದವು. ಇವುಗಳಲ್ಲಿ ಕೆಲವು ಒಂದು ಕೋಣೆಯಷ್ಟು ಅಗಲ, ಕೆಲವು ಒಂದು ದೊಡ್ಡ ಅಂಗಳದಷ್ಟು. ಆಳಕ್ಕೆ ಹೋದಂತೆ ಬಹುಶಃ ಕಿರಿದಾಗುತ್ತವೆ.

ಇಂಥ ಕೊಳವೆಯಲ್ಲಿ ಹೊಳೆಯುವ ಹರಳುಗಳಿರುವುದಿಲ್ಲ. ಸಿಗುವುದು ಜೇಡಿಯಂಥ, ಜಾಳುಜಾಳಾದ ಬಿಳಿಯ ಅಥವಾ ನೇರಳೆಯ ಪುಡಿಗಲ್ಲು. ಅರಿಯದವನು ಕೆಟ್ಟ ಮಣ್ಣೆಂದು ಒದ್ದು ಹೋಗಬೇಕು. ಆದರೆ ತೂಕ ಮಾಡಿ ಪರೀಕ್ಷಿಸಿದರೆ ನೂರಕ್ಕೆ ಅರವತ್ತೈದರಿಂದ ತೊಂಬತ್ತರ ಮೇಲಿನವರೆಗೂ ಅಪ್ಪಟ ಫ್ಲೋರೈಟ್. ನಮ್ಮ ಕಪಾಟಿನ ಹೆಂಟೆಯ ಕುಲಗೋತ್ರ ಇದು. ಹೊರರೂಪ ನೋಡಿ ವಿದ್ಯಾರ್ಥಿಯನ್ನು ಅಳೆಯಬಾರದೆಂದು ಅಧ್ಯಾಪಕರು ಆಗಾಗ ಹೇಳುವುದುಂಟು; ಕಲ್ಲಿನ ವಿಷಯದಲ್ಲಿಯೂ ಅದು ನಿಜವಾಯಿತು.

ಸ್ಪೋರ್ ಬೆಟ್ಟದ ಫ್ಲೋರ್‌ಸ್ಪಾರಿಗೆ ಬೆಲೆ ಬಂದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಪಶ್ಚಿಮ ಕರಾವಳಿಯ ಹಡಗುಕಟ್ಟೆಗಳಿಗೆ ಉಕ್ಕು ಬೇಕಾಗಿ, ಅಮೆರಿಕದ ಸರ್ಕಾರವು ಯೂಟಾ ಸರೋವರದ ದಡದಲ್ಲಿ ಜಿನೀವಾ ಎಂಬ ಉಕ್ಕಿನ ಕಾರ್ಖಾನೆಯನ್ನು ಕಟ್ಟಿಸಿತು. 1944ರಲ್ಲಿ ಅಲ್ಲಿ ಉತ್ಪಾದನೆ ಮೊದಲಾಯಿತು. ಉಕ್ಕು ಕಾಸುವಾಗ ಗಂಧಕ, ರಂಜಕ ಮೊದಲಾದ ಕಶ್ಮಲಗಳು ಸುಣ್ಣದೊಡನೆ ಸೇರಿ ಕಿಟ್ಟವಾಗಿ ಮೇಲೆ ತೇಲಬೇಕು. ಕಿಟ್ಟ ಗಟ್ಟಿಯಾಗಿದ್ದರೆ ಕಶ್ಮಲ ಬಿಡಿಸುವುದಿಲ್ಲ. ಒಂದು ಟನ್ ಉಕ್ಕಿಗೆ ಕೆಲವೇ ಕಿಲೋಗ್ರಾಂ ಫ್ಲೋರ್‌ಸ್ಪಾರ್ ಹಾಕಿದರೆ ಕಿಟ್ಟವು ತೆಳುವಾಗಿ ಹರಿದು ತನ್ನ ಕೆಲಸ ಮಾಡುತ್ತದೆ. ನಮ್ಮ ಅಕ್ಕಸಾಲಿಗರು ಬೆಸುಗೆ ಹಾಕುವಾಗ ಚಿಟಿಕೆ ಬಿಳಿಗಾರವನ್ನು ಬಳಸುವುದನ್ನು ಕಂಡವರಿಗೆ ಇದು ಹೊಸದಲ್ಲ. ಬಿಳಿಗಾರ ಒಡವೆಯಲ್ಲಿ ಉಳಿಯುವುದಿಲ್ಲ, ಅದಿಲ್ಲದೆ ಒಡವೆಯೂ ಕೂಡಿಕೊಳ್ಳುವುದಿಲ್ಲ. ಸ್ಪೋರ್ ಬೆಟ್ಟದ ಪುಡಿಗಲ್ಲು ಲಾರಿಯಲ್ಲಿ ಡೆಲ್ಟಕ್ಕೆ, ಅಲ್ಲಿಂದ ರೈಲಿನಲ್ಲಿ ಕುಲುಮೆಗೆ ಹೋಗುತ್ತಿದ್ದಿತು.

ಅದೇ ಯುದ್ಧದ ಇನ್ನೊಂದು ನೆನಪು ಆ ಬಯಲಿನಲ್ಲಿದೆ. ಅದನ್ನು ಬಿಟ್ಟರೆ ಆ ಸೀಮೆಯ ಚರಿತ್ರೆ ಪೂರ್ಣವಾಗದು. ಥಾಮಸ್ ಶ್ರೇಣಿಯ ಒಂದು ಶಿಖರಕ್ಕೆ ಟೋಪಾಜ್ ಎಂದು ಹೆಸರು. ಟೋಪಾಜ್ ಎಂದರೆ ನಮ್ಮ ನವರತ್ನಗಳಲ್ಲಿ ಎಣಿಕೆಯಾಗುವ ಪುಷ್ಯರಾಗ. ಅದೂ ಫ್ಲೋರಿನ್ ಕೂಡಿದ ಹರಳೇ. ಆ ಶಿಖರದ ಶಿಲೆಯನ್ನು ಉಗುಳಿದ ಜ್ವಾಲಾಮುಖಿ ಅರವತ್ತು ಎಪ್ಪತ್ತು ಲಕ್ಷ ವರ್ಷಗಳ ಹಿಂದಿನದು. ಈ ರತ್ನದ ಹೆಸರನ್ನೇ ಹೊತ್ತ ಬಂಧನ ಶಿಬಿರವೊಂದು 1942ರಿಂದ 1945ರವರೆಗೆ ಡೆಲ್ಟದ ಸಮೀಪದಲ್ಲಿ ಇದ್ದಿತು. ಜಪಾನೀ ಮೂಲದವರೆಂಬ ಒಂದೇ ಕಾರಣಕ್ಕೆ ಸಾವಿರಾರು ಜನರನ್ನು, ಅವರಲ್ಲಿ ಬಹುಮಂದಿ ಅಮೆರಿಕದಲ್ಲಿಯೇ ಹುಟ್ಟಿದ ನಾಗರಿಕರು, ಕರಾವಳಿಯ ಮನೆಮಠಗಳಿಂದ ಕರೆತಂದು ಈ ಧೂಳಿನಲ್ಲಿ ಇರಿಸಲಾಗಿತ್ತು. ಅಲ್ಲಿ ಮಕ್ಕಳಿಗೆ ಶಾಲೆಯೂ ನಡೆಯಿತೆಂದು ಓದಿದಾಗ ಅಧ್ಯಾಪಕನಾದ ನನ್ನ ಮನಸ್ಸು ಕ್ಷಣಕಾಲ ಅಲ್ಲಿಯೇ ನಿಂತಿತು.

ಯುದ್ಧಾನಂತರ ಸ್ಪೋರ್ ಬೆಟ್ಟದ ಫ್ಲೋರ್‌ಸ್ಪಾರಿನಲ್ಲಿ ಸ್ವಲ್ಪ ಯುರೇನಿಯಂ ಇರುವುದು ತಿಳಿದು, 1950ರ ದಶಕದಲ್ಲಿ ಸರ್ಕಾರದ ಭೂವಿಜ್ಞಾನಿಗಳು ಬೆಟ್ಟವನ್ನು ಅಂಗುಲ ಅಂಗುಲವಾಗಿ ಶೋಧಿಸಿದರು. 1959ರಲ್ಲಿ ಪಕ್ಕದ ಜ್ವಾಲಾಮುಖಿಯ ಬೂದಿಕಲ್ಲಿನಲ್ಲಿ, ಫ್ಲೋರೈಟಿನ ಉಂಡೆಗಳ ಜೊತೆಗೇ ಬೆರಿಲಿಯಂ ಎಂಬ ಅತಿ ಹಗುರವಾದ ಲೋಹದ ಅದುರು ಬೆಳಕಿಗೆ ಬಂದಿತು. ಇಂದು ಜಗತ್ತಿನ ಬೆರಿಲಿಯಮ್ಮಿನ ಬಹುಭಾಗ ಅಲ್ಲಿಂದಲೇ ಬರುತ್ತದೆ. 2021ರ ಡಿಸೆಂಬರಿನಲ್ಲಿ ಆಕಾಶಕ್ಕೆ ಏರಿದ ಜೇಮ್ಸ್ ವೆಬ್ ದೂರದರ್ಶಕದ ಹದಿನೆಂಟು ಕನ್ನಡಿಗಳೂ ಯೂಟಾದ ಬೆರಿಲಿಯಮ್ಮಿನಿಂದ ಆದವು. ಇಷ್ಟಾದರೂ ಕಳೆದ ಕುರಿಯ ಗಣಿ ಸಣ್ಣದಾಗಿಯೇ ಉಳಿಯಿತು. ಉಕ್ಕಿನ ಕಾರ್ಖಾನೆಗಳ ರೀತಿ ಬದಲಾಗಿ ಫ್ಲೋರ್‌ಸ್ಪಾರಿನ ಬೇಡಿಕೆ ತಗ್ಗಿತು. ಮೆಕ್ಸಿಕೊ, ಚೀನಾ ದೇಶಗಳಿಂದ ಅಗ್ಗದ ಸರಕು ಬಂದಿತು. ಇಲಿನಾಯ್ ಸೀಮೆಯ ಕೊನೆಯ ಗಣಿಯೂ 1995ರಲ್ಲಿ ಮುಚ್ಚಿತು. ಜಿನೀವಾ ಕಾರ್ಖಾನೆ 2001ರಲ್ಲಿ ನಿಂತಿತು. ಆದರೆ ಶೀತಕ ಅನಿಲಗಳು, ಅಲ್ಯೂಮಿನಿಯಂ, ಅಣುಇಂಧನ, ಇತ್ತೀಚಿನ ವಿದ್ಯುತ್‌ಕೋಶಗಳು ಇವೆಲ್ಲಕ್ಕೂ ಫ್ಲೋರಿನ್ ಬೇಕು. 2018ರಲ್ಲಿ ಅಮೆರಿಕ ತನ್ನ ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಫ್ಲೋರ್‌ಸ್ಪಾರನ್ನು ಸೇರಿಸಿತು. ಈಚಿನ ವರ್ಷಗಳಲ್ಲಿ ಈ ಗಣಿಯನ್ನು ಮತ್ತೆ ದುಡಿಸುವ ಪ್ರಯತ್ನವೂ ನಡೆದಿದೆ. ಕಳೆದ ಕುರಿಯನ್ನು ಮತ್ತೊಮ್ಮೆ ಅರಸುತ್ತಿದ್ದಾರೆ ಎನ್ನಬಹುದು.

ಇಲ್ಲಿಯವರೆಗಿನದು ಕಲ್ಲಿನೊಳಗೆ ಬಂಧಿತವಾದ ಫ್ಲೋರಿನ್ನಿನ ವೃತ್ತಾಂತ. ಬಂಧನವಿಲ್ಲದ ಫ್ಲೋರಿನ್ ಏನು ಮಾಡೀತೆಂಬುದಕ್ಕೆ ನಿದರ್ಶನ ಯೂಟಾದ ನೆರೆಯ ಕೊಲೊರಾಡೊ ರಾಜ್ಯದಲ್ಲಿಯೇ ಉಂಟು. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಬಂದಾಗ, ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆಗಳನ್ನು ಕಂಡು ಬೆರಗಾದರು. ಕಾರಣ ನೀರಿನಲ್ಲಿದೆಯೆಂದು ಅವರು ಶಂಕಿಸಿ ಮೂವತ್ತು ವರ್ಷ ದುಡಿದರು. 1931ರಲ್ಲಿ ಚರ್ಚಿಲ್ ಎಂಬ ರಸಾಯನಜ್ಞರು ಅಂಥ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದನ್ನು ತೋರಿಸಿಕೊಟ್ಟರು. ಆ ಊರಿನ ನೀರು ಬರುವ ಬೆಟ್ಟ ಫ್ಲೋರಿನ್ ಹೇರಳವಾದ ಗ್ರಾನೈಟಿನದು. ಆರು ವರ್ಷಗಳ ಅನಂತರ, 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಹಲ್ಲನ್ನಷ್ಟೇ ಅಲ್ಲದೆ ಎಲುಬನ್ನೂ ಬೆನ್ನನ್ನೂ ಬಗ್ಗಿಸುವ ಈ ರೋಗ ಭಾರತದಲ್ಲಿ ಗುರುತಿಸಲ್ಪಟ್ಟಿತು. ಅದರ ಹೆಸರು ಫ್ಲೋರೋಸಿಸ್.

ನಮ್ಮ ಬಯಲುಸೀಮೆಯ ನೆಲವೂ ಬಹುಮಟ್ಟಿಗೆ ಗ್ರಾನೈಟು ಮತ್ತು ಅದರ ಬಂಧುಶಿಲೆಗಳೇ. ಕೊಪ್ಪಳ, ರಾಯಚೂರು, ಗದಗ, ಬಾಗಲಕೋಟೆ, ಚಿತ್ರದುರ್ಗ, ತುಮಕೂರು, ಕೋಲಾರ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ ಒಂದು ಮಿಲಿಗ್ರಾಂ ಸಾಕು, ಬೇರೆ ನೀರಿಲ್ಲದೆಡೆ ಒಂದೂವರೆಯವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅಲ್ಪಪ್ರಮಾಣದ ಫ್ಲೋರೈಡ್ ಹಲ್ಲಿಗೆ ಬಲವನ್ನೇ ಕೊಡುತ್ತದೆ. ಮಿತಿ ದಾಟಿದರೆ ಅದೇ ವಿಷ. ಬಾವಿ ಆಳವಾದಂತೆ ನೀರು ಕಲ್ಲಿನೊಡನೆ ಹೆಚ್ಚು ಕಾಲ ಸಹವಾಸ ಮಾಡುತ್ತದೆ. ಸೋಡದ ಅಂಶ ಹೆಚ್ಚಾಗಿ ಕ್ಯಾಲ್ಸಿಯಂ ಕಡಿಮೆಯಾದ ನೀರಿನಲ್ಲಿ ಫ್ಲೋರೈಡನ್ನು ಹಿಡಿದು ಕೂರಿಸುವವರು ಯಾರೂ ಇರುವುದಿಲ್ಲ. ಯೂಟಾದಲ್ಲಿ ಅದನ್ನು ಸುಣ್ಣಕಲ್ಲು ತಡೆದು ನಿಲ್ಲಿಸಿತು. ನಮ್ಮಲ್ಲಿ ಅದು ಕ್ಯಾಲ್ಸಿಯಮ್ಮನ್ನು ಅರಸುತ್ತ ಕೊಡವನ್ನು ಸೇರಿ, ಕೊಡದಿಂದ ಲೋಟವನ್ನು ಸೇರಿ, ಕೊನೆಗೆ ಅದನ್ನು ಕಂಡುಕೊಳ್ಳುವುದು ಮಗುವಿನ ಹಲ್ಲಿನಲ್ಲಿ ಮತ್ತು ಎಲುಬಿನಲ್ಲಿ. ಬೆಟ್ಟದಲ್ಲಿ ಗಣಿಯಾಗಬೇಕಾದುದು ಬಾಲಕನ ದೇಹದಲ್ಲಿ ಗಣಿಯಾಗುತ್ತದೆ. ಈ ಒಂದು ಸಂಗತಿ ತಿಳಿದ ದಿನ ರಾತ್ರಿ ನನಗೆ ಪುಸ್ತಕ ಮುಚ್ಚಲು ಮನಸ್ಸಾಗಲಿಲ್ಲ.

ಏಕೆಂದರೆ ಅಂಥ ಬಾಲಕರು ನನ್ನ ತರಗತಿಯಲ್ಲಿಯೇ ಕುಳಿತಿದ್ದಾರೆ. ಕಾವ್ಯವಾಚನವನ್ನು ಕಲಿಸುವಾಗ ನಾನು ಮಕ್ಕಳ ಬಾಯನ್ನೇ ನೋಡಬೇಕು. ದಂತ್ಯವೋ ಮೂರ್ಧನ್ಯವೋ ಎಂಬುದು ನಾಲಗೆ ಹಲ್ಲನ್ನು ಮುಟ್ಟುವ ರೀತಿಯಿಂದ ತಿಳಿಯುತ್ತದೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನಿದ್ದನು. ಷಟ್ಪದಿಯನ್ನು ಅವನಂತೆ ಓದುವವರು ಆ ಸಾಲಿನಲ್ಲಿ ಇನ್ನೊಬ್ಬರಿರಲಿಲ್ಲ. ಪ್ರಾಸಸ್ಥಾನದಲ್ಲಿ ಅವನ ಕಂಠ ತಾನಾಗಿ ನಿಲ್ಲುತ್ತಿತ್ತು. ಆದರೆ ಓದುವಾಗಲೆಲ್ಲ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದನು. ಅಂತರಶಾಲಾ ಸ್ಪರ್ಧೆಯೊಂದರಲ್ಲಿ ಸಭಿಕರೊಬ್ಬರು, "ಈ ವಯಸ್ಸಿಗೇ ಎಲೆಯಡಿಕೆ ಹಾಕುತ್ತೀಯೇನೋ?" ಎಂದು ನಗೆಯಾಡಿದರು. ಅವನು ಎಲೆಯಡಿಕೆಯನ್ನು ಮುಟ್ಟಿದವನಲ್ಲ. ಅವನ ಊರಿನ ಕೊಳವೆಬಾವಿಯ ನೀರನ್ನು ಕುಡಿದು ಬೆಳೆದವನು, ಅಷ್ಟೇ. ಮುಂದಿನ ಸ್ಪರ್ಧೆಗೆ ಹೆಸರು ಕೊಡೆಂದು ನಾನು ಎಷ್ಟು ಹೇಳಿದರೂ, "ಬ್ಯಾಡ್ರಿ ಗುರುಗಳೇ" ಎಂದು ತಲೆ ತಗ್ಗಿಸಿದನು. ಒಂದು ಒಳ್ಳೆಯ ಕಂಠವು ಹಲ್ಲಿನ ಹಿಂದೆ ಅಡಗಿಹೋಯಿತು. ಅವನ ಅಜ್ಜನ ಬೆನ್ನು ನೇರವಾಗದಷ್ಟು ಬಗ್ಗಿದುದನ್ನೂ ನಾನು ಅವರ ಊರಿಗೆ ಹೋದಾಗ ಕಂಡೆ. ಊರವರು ಅದನ್ನು ಮುಪ್ಪೆಂದೇ ತಿಳಿದಿದ್ದರು.

ಇದಕ್ಕೆ ಉಪಾಯವಿಲ್ಲವೆಂದಲ್ಲ. ಸ್ಫಟಿಕವನ್ನೂ ಸುಣ್ಣವನ್ನೂ ಬಳಸಿ ಫ್ಲೋರೈಡನ್ನು ತಂಗಿಸುವ ನಲ್ಗೊಂಡ ವಿಧಾನವನ್ನು ನಮ್ಮ ದೇಶದ ವಿಜ್ಞಾನಿಗಳೇ 1970ರ ದಶಕದಲ್ಲಿ ರೂಪಿಸಿದರು. ಇದರ ನಿವಾರಣೆಗೆಂದೇ 2008-09ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾಯಿತು. ಹಲವು ಹಳ್ಳಿಗಳಿಗೆ ಈಗ ಶುದ್ಧ ನೀರಿನ ಘಟಕಗಳೂ ನದಿಯ ನೀರಿನ ಯೋಜನೆಗಳೂ ಬಂದಿವೆ. ಆದರೆ ಘಟಕ ಕೆಟ್ಟು ನಿಂತ ದಿನ ಮನೆಯವರು ಮತ್ತೆ ಹಳೆಯ ಬಾವಿಗೇ ಹೋಗುತ್ತಾರೆ. ಕುದಿಸಿದರೆ ನೀರು ಶುದ್ಧವಾಯಿತೆಂದು ತಾಯಂದಿರು ನಂಬುತ್ತಾರೆ; ಕುದಿಸಿದರೆ ಕ್ರಿಮಿಗಳು ಸಾಯುತ್ತವೆಯೇ ವಿನಾ ಫ್ಲೋರೈಡ್ ಹೋಗದು, ನೀರು ಆರಿದಷ್ಟೂ ಅದು ದಟ್ಟವಾಗುತ್ತದೆ. ಬಣ್ಣದಿಂದಾಗಲಿ ವಾಸನೆಯಿಂದಾಗಲಿ ರುಚಿಯಿಂದಾಗಲಿ ಇದನ್ನು ಕಂಡುಹಿಡಿಯಲಾಗದು, ಪರೀಕ್ಷೆಯೊಂದೇ ದಾರಿ. ಹಾಲು, ಮೊಸರು, ನುಗ್ಗೆಸೊಪ್ಪು, ರಾಗಿ ಮುಂತಾದ ಕ್ಯಾಲ್ಸಿಯಂ ಉಳ್ಳ ಆಹಾರವು ಫ್ಲೋರೈಡನ್ನು ಹೊಟ್ಟೆಯಲ್ಲಿಯೇ ತಡೆದು ದೇಹಕ್ಕೆ ಹತ್ತುವುದನ್ನು ಕಡಿಮೆ ಮಾಡುತ್ತದೆ. ಮರುಭೂಮಿಯ ಸುಣ್ಣಕಲ್ಲು ಮಾಡಿದ ಕೆಲಸವನ್ನು ಒಂದು ಲೋಟ ಮಜ್ಜಿಗೆ ಯಥಾಶಕ್ತಿ ಮಾಡಬಲ್ಲದು.

ಆದುದರಿಂದ ಈ ಲೇಖನವನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಅಧ್ಯಾಪಕ ಮಿತ್ರರಲ್ಲಿಯೂ ನನ್ನದೊಂದು ವಿನಂತಿ. ಕಟ್ಟಡಕ್ಕೆ, ಗ್ರಂಥಾಲಯಕ್ಕೆ, ಪಾರಿತೋಷಕಕ್ಕೆ ಉದಾರವಾಗಿ ಕೊಡುತ್ತ ಬಂದಿದ್ದೀರಿ. ಅದರ ಜೊತೆಗೆ ನಿಮ್ಮ ನಿಮ್ಮ ಹುಟ್ಟೂರಿನ ಕುಡಿಯುವ ನೀರನ್ನು ಒಂದು ಸೀಸೆಯಲ್ಲಿ ತುಂಬಿ ಪರೀಕ್ಷೆಗೆ ಕೊಡಿಸಿರಿ. ಬಂದ ಅಂಕಿಯನ್ನು ಊರಿನ ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿರಿ. ನಮ್ಮ ವಿದ್ಯಾರ್ಥಿನಿಲಯದ ನೀರಿಗೂ ವರ್ಷಕ್ಕೆರಡು ಬಾರಿ, ಬೇಸಗೆಯಲ್ಲೊಮ್ಮೆ ಮಳೆಗಾಲದ ಅನಂತರ ಒಮ್ಮೆ, ಈ ಪರೀಕ್ಷೆ ನಡೆಯುವಂತಾಗಲಿ. ಹಲ್ಲು ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಎಂಟು ವರ್ಷದೊಳಗೆ, ಕುಡಿದ ನೀರೇ ಶಾಶ್ವತ ಹಲ್ಲಿನ ಬಣ್ಣವನ್ನು ನಿರ್ಧರಿಸುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಆ ಕಲೆ ಹೋಗದು. ದೊಡ್ಡ ಯೋಜನೆಗಳು ಬರಲಿ, ಅವು ಬರುವಾಗ ಬರುತ್ತವೆ. ಆದರೆ ಒಂದನೆಯ ತರಗತಿಯಲ್ಲಿ ಅ ಆ ಇ ಈ ತಿದ್ದುತ್ತಿರುವ ಮಕ್ಕಳ ಹಲ್ಲುಗಳು ಈ ವರ್ಷವೇ ವಸಡಿನೊಳಗೆ ರೂಪುಗೊಳ್ಳುತ್ತಿವೆ.